ಕುಬಸಕ್ಕೆ ಹೋದ ತಗ್ಗು ಕಾರು

ಜೇವರ್ಗಿಯಿಂದ ಅಫಜಲಪುರಕ್ಕೆ ಹೋಗುವ ಬಸ್ಸಿನಲ್ಲಿ ಮೊನ್ನೆ ನನ್ನ ಮರ್ಯಾದೆ ಹೋಯಿತು. ದಾರಿಯಲ್ಲೊಂದು ಊರು, ಊರ ಬಾಯಲ್ಲೊಂದು ಹಂಪ್. ಬಸ್ಸು ಅದರ ಹತ್ತಿರ ಬಂದದ್ದೇ ತಡ, ನಾನು ಮುಂದಿನ ಸೀಟಿನ ಕಂಬಿ ಹಿಡಿದು ಅರ್ಧ ಎದ್ದುಬಿಟ್ಟೆ. ಬಾಜೂ ನಿಂತಿದ್ದ ಹೆಣ್ಣುಮಗಳು "ಇಳೀತೀರೇನ್ರಿ ಟೀಚರ್ರ?" ಎಂದು ಕೇಳಿದಳು, ಉತ್ತರಕ್ಕೆ ಕಾಯದೆ ನನ್ನ ಜಾಗದಲ್ಲಿ ಕೂತುಬಿಟ್ಟಳು. "ಇಲ್ಲವಾ, ಹಂಪ್ ಬಂತಲ್ಲ, ಅದಕ್ಕ ಎದ್ದೆ" ಎಂದು ಹೇಳಿದರೆ ಯಾರು ನಂಬುತ್ತಾರೆ? ಟೀಚರಮ್ಮನಿಗೆ ತಲೆ ಕೆಟ್ಟಿದೆ ಎಂದಾರು. ಸುಮ್ಮನೆ ಅಫಜಲಪುರದ ತನಕ ನಿಂತೇ ಹೋದೆ.

ಈ ಚಟ ನನಗೆ ಅಂಟಿದ್ದು ನನ್ನ ತಮ್ಮ ಮಲ್ಲುವಿನ ಕಾರಿನಿಂದ, ತಂಗಿ ನೀಲಾಳ ಕುಬಸದ ವರ್ಷ. ಕುಬಸವೆಂದರೆ ನಮ್ಮ ಕಡೆ ಚೊಚ್ಚಲ ಬಸುರಿಗೆ ಮಾಡುವ ಸೀಮಂತ. ತವರಿನವರು ಹಸಿರು ಸೀರೆ, ಬಳೆ, ಬುತ್ತಿ ತೆಗೆದುಕೊಂಡು ಅತ್ತೆಮನೆಗೆ ಹೋಗಿ, ಅಲ್ಲೇ ಶಾಸ್ತ್ರ ಮುಗಿಸಿ, ಮಗಳನ್ನು ಹೆರಿಗೆಗೆಂದು ಕರೆದುಕೊಂಡು ಬರಬೇಕು.

ನಮ್ಮದು ಭೀಮಾ ದಂಡೆಯ ಮಣ್ಣೂರು. ಮಲ್ಲು ಅಫಜಲಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ. ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಜೇವರ್ಗಿಯ ಯಾವನೋ ಶೋಕಿಲಾಲನಿಂದ ಒಂದು ಹಳೆಯ ಬಿಳಿ ಕಾರು ಕೊಂಡು ತಂದ. ಆ ಪುಣ್ಯಾತ್ಮ ಅದರ ಮೂಲ ಸ್ಪ್ರಿಂಗು ಬಿಚ್ಚಿಸಿ, ಬೇಕಾದಂತೆ ಏರಿಸಿ ಇಳಿಸುವ ಸ್ಪ್ರಿಂಗು ಹಾಕಿಸಿ, ಇಳಿಸುವಷ್ಟು ಇಳಿಸಿಟ್ಟಿದ್ದ. ಗಾಲಿಯ ಮೇಲ್ಭಾಗ ಬಾಡಿಯ ಒಳಗೇ ಹೊಕ್ಕಿತ್ತು. ಬಾಗಿಲು ತೆರೆದರೆ ಅದರ ಅಂಚು ಹೊಲದ ಹೆಂಟೆಗೆ ತಾಗುತ್ತಿತ್ತು. ಕಾರು ನಮ್ಮ ಓಣಿಗೆ ಬಂದ ದಿನ ಕಟ್ಟೆಯ ಮೇಲಿನ ಮುತ್ಯಾ ಒಬ್ಬರು, "ಏನೋ ಮಲ್ಲ್ಯಾ, ಗಾಡಿ ನೆಲಕ್ಕ ಸಾಷ್ಟಾಂಗ ಹಾಕಾಕತ್ತದಲ್ಲೋ, ಎಬ್ಬಸು" ಎಂದರು. ಅವ್ವ ಆರತಿ ಮಾಡುತ್ತ, "ಎಮ್ಮಿ ಕೆಸರಾಗ ಕುಂತಂಗ ಕುಂತದ" ಎಂದಳು. ಮಲ್ಲುವಿಗೆ ಯಾವ ಮಾತೂ ನಾಟಲಿಲ್ಲ. ಕಾರಿನ ಸುತ್ತ ತಿರುಗಿ, ಕೂತು ನೋಡಿ, ಮಲಗಿ ನೋಡಿ, ಫೋಟೋ ಹೊಡೆದು, "ಇದರ ಖದರೇ ಬ್ಯಾರೆ ಅಕ್ಕಾ" ಎಂದ.

ಖದರು ಡಾಂಬರು ಇರುವ ತನಕ. ನಮ್ಮ ಎರೆಹೊಲದ ರಸ್ತೆಗಳ ಪರಿಚಯ ಇದ್ದವರಿಗೆ ಮುಂದಿನ ಕಥೆ ಹೇಳಬೇಕಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಹಪ್ಪಳದ ಹಾಗೆ ಏಳುತ್ತದೆ. ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಎರಡು ಕಾಲುವೆ ತೋಡಿರುತ್ತವೆ. ಮಲ್ಲುವಿನ ಕಾರು ಆ ಕಾಲುವೆಗೆ ಇಳಿದರೆ ನಡುವಿನ ದಿಬ್ಬಕ್ಕೆ ತಳ 'ಡಕ್' ಎಂದು ಬಡಿಯುತ್ತಿತ್ತು. ಆ ಸದ್ದಿಗೆ ಮಲ್ಲು ತನಗೇ ಯಾರೋ ಹೊಡೆದಂತೆ "ಹಾ!" ಎನ್ನುತ್ತಿದ್ದ. ಕಡೆಗೆ ಅವನೇ ಒಂದು ಉಪಾಯ ಹುಡುಕಿದ. ಹಂಪ್ ಬಂದ ಕೂಡಲೇ "ಏಳ್ರಿ!" ಎಂದು ಕೂಗುವುದು. ನಾವೆಲ್ಲ ಮೇಲಿನ ಹಿಡಿಕೆ ಹಿಡಿದು ಸೀಟಿನಿಂದ ಏಳುವುದು. ನಮ್ಮ ಭಾರ ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು, ಕಾರಿನ ಒಳಗೇ ಇರುತ್ತಿದ್ದೆವಲ್ಲ! ಆದರೂ ಏಳುತ್ತಿದ್ದೆವು. ಅವ್ವ ಅಂತೂ ಶಿವಶಿವಾ ಎನ್ನುತ್ತ ಎದ್ದು, ದಾಟಿದ ಮೇಲೆ ಮತ್ತೊಮ್ಮೆ ಶಿವಶಿವಾ ಎಂದು ಕೂರುತ್ತಿದ್ದಳು.

ನೀಲಾಳನ್ನು ಕೊಟ್ಟಿದ್ದು ಹಿರೋಳ್ಳಿಗೆ, ಆಳಂದದ ಆಚೆ, ಮಹಾರಾಷ್ಟ್ರದ ಅಂಚಿಗೆ. ಮದುವೆಯ ದಿನ ನಾವು ಮದುಮಗಳನ್ನು ಬಾಡಿಗೆ ಟೆಂಪೊದಲ್ಲಿ ಕರೆದುಕೊಂಡು ಹೊರಟಿದ್ದೆವು. ಅದು ನಿಂಬರ್ಗಾದ ಹತ್ತಿರ ಕೆಟ್ಟು ನಿಂತಿತು. ಆಗ ಇನ್ನೂ ಶಾಲೆಗೆ ಹೋಗುತ್ತಿದ್ದ ಮಲ್ಲು ದೂಡಿದ, ನಾವೆಲ್ಲ ದೂಡಿದೆವು. ಧೂಳು ಮೆತ್ತಿಕೊಂಡು ತಡವಾಗಿ ಮಂಟಪ ಮುಟ್ಟಿದಾಗ ಮದುಮಗನ ಸೋದರತ್ತೆ ಕಾಶಮ್ಮ ನೆರೆದವರ ಎದುರೇ, "ಮದಿಮಗಳು ಬಂದ್ಲೋ, ಕಬ್ಬಿನ ಲೋಡ್ ಬಂತೋ? ತವರಾಗ ಒಂದು ಗಾಡೀಗೂ ಗತಿ ಇಲ್ಲೇನ ಬೇ?" ಎಂದಳು. ನೀಲಾ ಬಾಸಿಂಗ ಕಟ್ಟಿಕೊಂಡೇ ಅತ್ತಳು. ಮಲ್ಲು ಅವಳ ಹತ್ತಿರ ಹೋಗಿ, "ಅಳಬ್ಯಾಡ ಸಣ್ಣಕ್ಕ. ನಿನ್ನ ಕುಬಸಕ್ಕ ನಂದೇ ಗಾಡಿ ತರ್ತೇನಿ, ಅದರಾಗ ಮನಿಗೆ ಕರ್ಕೊಂಡು ಹೋಗ್ತೇನಿ" ಎಂದ. ಎಳೆ ಹುಡುಗನ ಮಾತು, ನಾವು ಮರೆತೆವು. ಅವರಿಬ್ಬರು ಮರೆಯಲಿಲ್ಲ.

ಕುಬಸದ ದಿನವೇ ಬರಲಿಲ್ಲ. ಎರಡು ಸಲ ಬಸುರಾಗಿ ಎರಡು ಸಲವೂ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ಹಿರೋಳ್ಳಿಯ ಹೊಸ್ತಿಲು ದಾಟಿದ ನೀಲಾಳ ಮುಖ ನಾನು ನೋಡಿದ್ದೇನೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮೂರನೆಯದು ನಿಂತಿತು. ಆಳಂದದ ಡಾಕ್ಟರಮ್ಮ, ಕೂಸಿನ ಮಾಸು ಕೆಳಗಿದೆ, ಕುಲುಕಾಟ ಆಗಕೂಡದು, ತವರಿಗೆ ಹೋಗಲೇಬೇಕೆಂದರೆ ಏಳು ತುಂಬಿದ ಮೇಲೆ ಒಂದೇ ಒಂದು ಸಲ ಮೆಲ್ಲಗೆ ಹೋಗಿ ಅಲ್ಲೇ ಇದ್ದುಬಿಡಿ ಎಂದರು. ದಸರೆಯ ಸುಮಾರಿಗೆ ಕುಬಸ ಎಂದು ಗೊತ್ತಾಯಿತು.

ಒಳ್ಳೆಯ ಬಾಡಿಗೆ ಗಾಡಿ ಮಾಡೋಣ ಎಂದೆ ನಾನು. ಮಲ್ಲು ಸಿಟ್ಟಿಗೆದ್ದ. "ಬಾಡಗಿ ಡ್ರೈವರಗ ಏನ್ ಗೊತ್ತಿರ್ತದ ಅಕ್ಕಾ, ಹಿಂದ ಯಾರು ಕುಂತಾರಂತ? ಅವಗ ಇನ್ನೊಂದು ಟ್ರಿಪ್ಪಿನ ಚಿಂತಿ." ನೀಲಾಗೆ ಫೋನ್ ಮಾಡಿದರೆ ಅವಳದೂ ಒಂದೇ ಹಟ. "ಮಲ್ಲ್ಯಾನ ಗಾಡ್ಯಾಗ ಆದ್ರ ಬರ್ತೇನಿ. ಇಲ್ಲಾಂದ್ರ ಇಲ್ಲೇ ಹಡೀತೇನಿ. ನಾ ಎಷ್ಟು ವರ್ಷ ಕಾದೇನಿ ಗೊತ್ತೇನು ನಿನಗ?"

"ಹುಚ್ಚಿ, ಅದು ಗಾಡಿ ಅಲ್ಲ, ನೆಲಾ ಸಾರಿಸೋ ಅರಿವಿ!" ಎಂದೆ.

"ಹಂಗಾದ್ರ ಎತ್ತಸು" ಎಂದಳು.

ಅಫಜಲಪುರದಲ್ಲಿ ಖಾಜಾಭಾಯಿಯ ಗ್ಯಾರೇಜು. ಬಾಯಿ ಜೋರು, ಕೈಯೂ ಜೋರು, ತನ್ನ ತಪ್ಪು ಒಪ್ಪುವ ಅಭ್ಯಾಸ ಮಾತ್ರ ಇಲ್ಲದ ಮನುಷ್ಯ. ಅಕ್ಕ-ತಮ್ಮ ಇಬ್ಬರೂ ಹೋಗಿ ನಿಂತೆವು. ಖಾಜಾಭಾಯಿ ಗಾಲಿ ಬಿಚ್ಚಿ ತೋರಿಸಿದ. "ನೋಡ್ರಿ ಟೀಚರಮ್ಮಾ, ಸ್ಪ್ರಿಂಗಿನ ಕೆಳಗ ಈ ರಿಂಗ್ ಅದಲ್ಲ, ಇದನ್ನ ಮ್ಯಾಲ ತಿರುವಿದ್ರ ಗಾಡಿ ಏಳ್ತದ. ಶಾಕಪ್ಪಿನ ತಲಿ ಮ್ಯಾಲ ಈ ಗುಬುಟು ಅದಲ್ಲ, ಇದನ್ನ ತಿರುವಿದ್ರ ಗಾಡಿ ಬಿರುಸಾಗ್ತದ. ಬಿರುಸಾದ್ರ ಕುಣಿಯೂದಿಲ್ಲ, ಕುಣಿಯದಿದ್ರ ಬಡಿಯೂದಿಲ್ಲ. ಯಾವುದು ಬೇಕು?"

"ಬಿರುಸು ಮಾಡ್ರಿ" ಎಂದ ಮಲ್ಲು ಗಬಕ್ಕನೆ. ಕಾರಿನ ಎತ್ತರ ಮುಟ್ಟದೆ ಕೆಲಸ ಆಗುವುದಾದರೆ ಅವನಿಗೆ ಹಬ್ಬವೇ.

ಪರೀಕ್ಷೆ ನನ್ನ ಮೇಲೆ. ತೊಡೆಯ ಮೇಲೆ ಒಂದು ತಂಬಿಗೆ ತುಂಬ ನೀರು ಇಟ್ಟುಕೊಂಡು ನೀಲಾ ಕೂರುವ ಜಾಗದಲ್ಲಿ ಕೂತೆ. ಮಣ್ಣೂರು ರಸ್ತೆಯಲ್ಲಿ ಹೊರಟೆವು. ನಿಜ, ತಳ ಬಡಿಯಲಿಲ್ಲ. ಆದರೆ ಪ್ರತಿಯೊಂದು ಹರಳೂ ನನ್ನ ಬೆನ್ನುಹುರಿಗೆ ಬಂದು ವರದಿ ಒಪ್ಪಿಸಿತು. ಹಲ್ಲಿಗೆ ಹಲ್ಲು ತಾಗಿತು. ತಂಬಿಗೆಯ ನೀರು ಪೂರ್ತಿ ನನ್ನ ಸೀರೆಯ ಮೇಲೆ.

"ನೋಡಿದೇನಕ್ಕಾ? ಗಾಡಿಗೆ ಏನೂ ಆಗಲಿಲ್ಲ!"

"ಗಾಡಿಗೆ ಆಗಲಿಲ್ಲೋ ಬಾಡಕೋ, ನನಗ ಆತು! ನಾಳೆ ಇಲ್ಲಿ ಕೂಡೋದು ತಂಬಿಗಿ ಅಲ್ಲ!"

ಅವನ ಮುಖ ಸಣ್ಣದಾಯಿತು. ಹೇಳಿದ್ದು ಜಾಸ್ತಿಯಾಯಿತು ಎಂದು ನನಗೂ ಅನ್ನಿಸಿತು. ತಿರುಗಿ ಗ್ಯಾರೇಜಿಗೆ ಹೋದಾಗ ಅವನೇ ಖಾಜಾಭಾಯಿಗೆ, "ಮೆತ್ತಗ ಮಾಡ್ರಿ. ಎತ್ತರ ಏರಸ್ರಿ" ಎಂದ. ಖಾಜಾಭಾಯಿ ರಿಂಗು ತಿರುವಿದ. ಕಾರು ಒಂದಿಷ್ಟು ಎದ್ದಿತು. "ಇನ್ನೂ ಚೂರು ಏರಸಲೇನು?" ಎಂದು ಕೇಳಿದ್ದಕ್ಕೆ ಮಲ್ಲು ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, "ಸಾಕ್ರಿ, ಇನ್ನೂ ಏರಿಸಿದ್ರ ಟ್ರ್ಯಾಕ್ಟರ್ ಕಂಡಂಗ ಕಾಣ್ತದ" ಎಂದ. ಖಾಜಾಭಾಯಿ ಖಾಲಿ ಕಾರಿನ ಕೆಳಗೆ ಗೇಣು ಹಾಕಿ ಅಳೆದು, "ಫಿಕರ್ ಬಿಡ್ರಿ, ಹಿರೋಳ್ಳಿ ಯಾಕ, ಹೈದರಾಬಾದಿಗೆ ಹೋಗ್ರಿ" ಎಂದು ಅಭಯ ಕೊಟ್ಟ. ಈ ಸಲ ತಂಬಿಗೆಯಲ್ಲಿ ಮುಕ್ಕಾಲು ನೀರು ಉಳಿಯಿತು. ನಾವು ಖುಷಿಯಾದೆವು.

ಕುಬಸದ ಬೆಳಿಗ್ಗೆ ಅವ್ವ, ನಾನು, ಮಲ್ಲು ಮೂವರೇ ಹೊರಟೆವು. ಮಲ್ಲು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿದ್ದ. ಹಿಂದೆ ಬುತ್ತಿ: ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿ, ಐದು ಬಗೆಯ ಉಂಡೆ. ಮಳೆ ನಿಂತು ಎರಡೇ ದಿನವಾಗಿತ್ತು. ದಾರಿಯ ಎರಡೂ ಕಡೆ ತೊಗರಿ ಎದೆಯೆತ್ತರ ಬೆಳೆದು ನಿಂತಿತ್ತು. ನಿಂಬರ್ಗಾದ ಆಚೀಚೆ ರಸ್ತೆ ಅಗೆದಿದ್ದರು. ಅಲ್ಲಿ ತಳ ಸಣ್ಣಗೆ ಎರಡು ಸಲ ತಾಗಿತು. "ಬುತ್ತಿ ಭಾರ. ಬರೋವಾಗ ಇದೆಲ್ಲಾ ಇಳದಿರ್ತದ, ಗಾಡಿ ಹಗುರ ಆಗ್ತದ" ಎಂದ ಮಲ್ಲು. ಹೌದಲ್ಲ ಎಂದು ನಾನೂ ಅವ್ವನೂ ತಲೆಯಾಡಿಸಿದೆವು. ಮೂವರೂ ಬೀಗರನ್ನು ಬರಿಗೈಯಲ್ಲಿ ಕಳಿಸದ ಈ ನೆಲದಲ್ಲೇ ಹುಟ್ಟಿ ಬೆಳೆದವರು, ಆದರೂ ತಲೆಯಾಡಿಸಿದೆವು!

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ, ಮೊಣಕೈ ತನಕ ಹಸಿರು ಬಳೆ, ಮುಡಿ ತುಂಬ ಹೂವು. ನೀಲಾ ಅಷ್ಟು ಚೆಂದ ಕಂಡದ್ದು ಮದುವೆಯಲ್ಲೂ ಇಲ್ಲ. ಉಡಿ ತುಂಬಿಸಿಕೊಂಡು ಬಲಗಾಲಿಟ್ಟು ಹೊಸ್ತಿಲು ದಾಟಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ತಮ್ಮನ ಕಾರಿನ ಸೀಟನ್ನು ಅಂಗೈಯಿಂದ ಸವರಿ ನೋಡಿದಳು.

ಆಮೇಲೆ ಚೀಲಗಳು ಬರತೊಡಗಿದವು.

ನೀಲಾಳ ಅತ್ತೆ ಭಾಗಮ್ಮನದು ದೊಡ್ಡ ಕೈ. ಮೊದಲು ಜೋಳದ ಚೀಲ ಬಂತು. ಅದರ ಹಿಂದೆ ತೊಗರಿಬೇಳೆ. ಆಮೇಲೆ ಬೆಲ್ಲದ ಪೆಂಟಿ, ತೆಂಗಿನಕಾಯಿ, ತುಪ್ಪದ ಡಬ್ಬಿ, ಬಾಣಂತಿಗೆಂದು ಹೊಲಿಸಿದ ಎರಡು ದಪ್ಪ ಕೌದಿ. "ಬೀಗತೀ, ಇಷ್ಟ್ಯಾಕ್ರಿ" ಎಂದು ಅವ್ವ ಹೇಳುತ್ತಿದ್ದರೆ ಆಕೆ, "ತುಂಬಿದ ಹೆಣ್ಣಮಗಳನ್ನ ಖಾಲಿ ಗಾಡ್ಯಾಗ ಕಳಸ್ತಾರೇನ್ರಿ ಬೀಗತಿ? ಕೆಟ್ಟ ಮಾತು ಆಡಬ್ಯಾಡ್ರಿ" ಎಂದು ಮುಂದಿನ ಚೀಲಕ್ಕೆ ಕೈ ಮಾಡುತ್ತಿದ್ದಳು. ಕೊನೆಗೆ ಬಂದವಳು ಕಾಶಮ್ಮ, ಬಗಲಲ್ಲಿ ಗಂಟು. ಸೊಸೆಯನ್ನು ತವರಿಗೆ ಮುಟ್ಟಿಸಿ ಬರಲು ಅತ್ತೆಮನೆಯ ಹಿರಿಯಳೊಬ್ಬಳು ಹೋಗಬೇಕಂತೆ. ಆಳು ನೋಡಲು ಒಂದು ತೊಗರಿ ಚೀಲಕ್ಕೆ ಕಡಿಮೆಯಿಲ್ಲ. ಅವಳು ಕೂತದ್ದೇ ಕಾರು ನಿಟ್ಟುಸಿರು ಬಿಟ್ಟಂತೆ ಕೆಳಗೆ ಇಳಿಯಿತು. ಗಾಲಿ ಮತ್ತೆ ಒಳಗೆ ಹೊಕ್ಕಿತು.

ಮಲ್ಲು ನೆಲಕ್ಕೆ ಬಗ್ಗಿ ತಳ ನೋಡಿದ. ನನ್ನನ್ನು ಬದಿಗೆ ಕರೆದು, "ಅಕ್ಕಾ, ಓಣಿ ದಾಟೂದ್ರಾಗ ಬಡೀತದ. ನಿಂಬರ್ಗಾ ಅಂತೂ ಮಾತೇ ಇಲ್ಲ" ಎಂದ.

ಚೀಲ ಇಳಿಸಿ ಎನ್ನುವಂತಿಲ್ಲ. ಎರಡು ಕೂಸು ಕಳೆದುಕೊಂಡ ಮನೆಯಲ್ಲಿ, ಬಸುರಿಯ ಜೊತೆ ಕೊಟ್ಟದ್ದನ್ನು ವಾಪಸು ಇಳಿಸುವ ಧೈರ್ಯ ಯಾರಿಗಿತ್ತು? ಕಾಶಮ್ಮನಿಗೆ ಇಳಿ ಎನ್ನುವುದಂತೂ ಕನಸಿನ ಮಾತು. ನಾಳೆ ಹೋದರಾಯಿತು ಎನ್ನುವಂತೆಯೂ ಇಲ್ಲ. ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದ ಬಸುರಿ ಮತ್ತೆ ಆ ಹೊಸ್ತಿಲು ತುಳಿಯುವುದು ಕೂಸು ಎತ್ತಿಕೊಂಡೇ. ಬರಿಗೈಯಲ್ಲಿ ಅದನ್ನು ದಾಟಿದ್ದು ನೀಲಾಳಿಗೆ ಎರಡು ಸಲ ಸಾಕಾಗಿತ್ತು. ಅವಳು ಕಿಟಕಿಯಿಂದ ನಮ್ಮಿಬ್ಬರನ್ನೇ ನೋಡುತ್ತಿದ್ದಳು. ನಮ್ಮ ಮುಖ ನೋಡಿಯೇ ಗೊತ್ತಾಗಿರಬೇಕು.

"ಮಲ್ಲ್ಯಾ," ಎಂದಳು, "ಗಾಡಿ ಎತ್ತು."

"ಇಲ್ಲೇನಕ್ಕ? ಎಲ್ಲಾರ ಮುಂದ?"

"ಹೌದು, ಇಲ್ಲೇ. ಎಷ್ಟು ಏರ್ತದೋ ಅಷ್ಟು ಏರಸು. ನಾ ಒಳಗ ಹೋಗೂದಿಲ್ಲ."

ಅವಳು ಇಳಿದು ಎದುರಿನ ಬೇವಿನ ಗಿಡದ ಕೆಳಗೆ ಹೋದಳು. ಪಕ್ಕದ ಮನೆಯವರು ಹೊರಸು ತಂದು ಹಾಕಿದರು, ಭಾಗಮ್ಮ ಅದರ ಮೇಲೆ ಹೊಸ ಕೌದಿಯೇ ಹಾಸಿದಳು. ನೀಲಾಳ ಗಂಡ ಚೀಲಗಳನ್ನು ಇಳಿಸಿ, ಮನೆಯೊಳಗೆ ಒಯ್ಯದೆ ಗಿಡಕ್ಕೆ ಆನಿಸಿಟ್ಟ. ಮಲ್ಲು ಖಾಜಾಭಾಯಿಗೆ ಫೋನ್ ಹಚ್ಚಿ, ಫೋನು ಅವ್ವನ ಕೈಗೆ ಕೊಟ್ಟು, ಜ್ಯಾಕ್ ಹಚ್ಚಿ, ಗಾಲಿ ಬಿಚ್ಚಿ, ಆ ಬಿಳಿ ಬಟ್ಟೆಯಲ್ಲೇ ಹಿರೋಳ್ಳಿಯ ಓಣಿಯ ಕೆಸರಿನಲ್ಲಿ ಅಂಗಾತ ಮಲಗಿದ.

ಫೋನಿನಿಂದ ಖಾಜಾಭಾಯಿಯ ಧ್ವನಿ ಓಣಿಗೆಲ್ಲ ಕೇಳುತ್ತಿತ್ತು. "ಎಷ್ಟು ಚೀಲ ಹಾಕ್ಯಾರ? ಯಾ ಅಲ್ಲಾ! ಕುಬಸದ ಗಾಡಿ ಅಂತ ಗೊತ್ತಿದ್ದೂ ನಾ ಖಾಲಿ ಗಾಡಿ ಅಳದೆನಲ್ಲ, ನನ್ನ ಅಕಲ್ ಎಲ್ಲಿಗೆ ಹೋಗಿತ್ತು! ಮಲ್ಲೂ, ಮೊದಲ ಕೆಳಗಿನ ಬಿಗಿ ರಿಂಗ್ ಸಡಲ ಮಾಡು, ಆಮ್ಯಾಲ ಸ್ಪ್ರಿಂಗಿನ ರಿಂಗ್ ಏರಸು. ಪಾನಾ ಸಾವಕಾಶ ತಿರುವು, ಜಬರ್ದಸ್ತಿ ಮಾಡಬ್ಯಾಡ. ನಾಕೂ ಗಾಲಿ ಸಮ ಬರಬೇಕು. ಗುಬುಟು ಬಿರುಸು ಮಾಡಬ್ಯಾಡ, ಮೆತ್ತಗೇ ಇರಲಿ."

ಮಧ್ಯಾಹ್ನದ ಬಿಸಿಲು ಇಳಿಯತೊಡಗಿತ್ತು. ಮದುವೆಯ ದಿನ ನಮ್ಮನ್ನು ಕಂಡು ನಕ್ಕಿದ್ದ ಎಷ್ಟೋ ಮುಖಗಳು ಸುತ್ತ ನಿಂತಿದ್ದವು. ಯಾರದೋ ಮನೆಯ ಹುಡುಗರು ಕಿಸಿಕಿಸಿ ನಕ್ಕರು. ಮಲ್ಲು ಒಂದು ಗಾಲಿ ಮುಗಿಸಿ ಇನ್ನೊಂದಕ್ಕೆ ಹೋದ. ಅವನು ಅಷ್ಟು ಪ್ರೀತಿಯಿಂದ ಸಾಕಿಕೊಂಡಿದ್ದ ಖದರನ್ನು ಅವನೇ ಕೈಯಾರೆ ತಿರುವಿ ತಿರುವಿ ಕಳೆಯುತ್ತಿದ್ದ. ಇವನಿಗೆ ಇನ್ನು ಮೇಲೆ ಬೈಯಬಾರದು ಅಂದುಕೊಂಡೆ. ಅದು ನನ್ನಿಂದ ಆಗಲಿಲ್ಲ ಅನ್ನುವುದು ಬೇರೆ ಮಾತು.

ಚೀಲಗಳನ್ನು ಮತ್ತೆ ತುಂಬಿದರು. ಕಾಶಮ್ಮ ಹತ್ತಿ ಕೂತಳು. ಎಲ್ಲರೂ ಬಗ್ಗಿ ನೋಡಿದೆವು. ತಳ ಮತ್ತು ನೆಲದ ನಡುವೆ ಒಂದು ಬೆಕ್ಕು ಬಾಲ ಎತ್ತಿಕೊಂಡು ಹಾಯುವಷ್ಟು ಜಾಗ ಇತ್ತು. ಕಾಶಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕೆಸರಿನಲ್ಲಿ ಅದ್ದಿ ತೆಗೆದಂತಿದ್ದ ಮಲ್ಲುವನ್ನು ಮೇಲಿಂದ ಕೆಳಗೆ ನೋಡಿದಳು. ಏನನ್ನುತ್ತಾಳೋ ಎಂದು ನಾನು ಸೆರಗು ಬಿಗಿದು ತಯಾರಾದೆ. "ನಮ್ಮ ಸೊಸಿ ಪುಣ್ಯಾ ಮಾಡ್ಯಾಳ" ಎಂದಳು. ಅಷ್ಟೇ. ನೀಲಾ ಮುಖ ಆ ಕಡೆ ತಿರುಗಿಸಿಕೊಂಡಳು.

ಆಳಂದದ ತನಕ ದಾರಿ ಪರವಾಗಿಲ್ಲ. ಅಲ್ಲಿಂದ ಮುಂದೆ ಮಲ್ಲು ಎತ್ತಿನಬಂಡಿಯ ವೇಗದಲ್ಲಿ ಹೋದ. ಹಿಂದಿನಿಂದ ಹಾರ್ನ್ ಹೊಡೆದವರೆಲ್ಲ ಬೈದುಕೊಂಡು ಮುಂದೆ ಹೋದರು. ನಿಂಬರ್ಗಾದ ಹತ್ತಿರ ಅಗೆದ ರಸ್ತೆ ಬಂತು. ನೀರು ನಿಂತ ಒಂದು ಹೊಂಡ ರಸ್ತೆಯ ಅಗಲಕ್ಕೂ ಹರಡಿತ್ತು, ಆಚೆ ಒಂದು ದಿಬ್ಬ. ಬಳಸಿ ಹೋಗಲು ದಾರಿಯಿಲ್ಲ. ಮಲ್ಲು ಗಾಡಿ ನಿಲ್ಲಿಸಿ, ಉಸಿರು ಎಳೆದುಕೊಂಡು, ಮೆಲ್ಲಗೆ ಇಳಿಸಿದ. ಮುಂದಿನ ಗಾಲಿ ಇಳಿದವು. ಯಾರೂ ಹೇಳಲಿಲ್ಲ, ಆದರೂ ಅವ್ವ ಎದ್ದಳು, ನಾನು ಎದ್ದೆ. ಏನೂ ಗೊತ್ತಿಲ್ಲದ ಕಾಶಮ್ಮನೂ ನಮ್ಮನ್ನು ನೋಡಿ, "ಯಾಕ್ರೆವ್ವಾ?" ಎನ್ನುತ್ತ ಎದ್ದಳು. ನೀಲಾ ಎರಡೂ ಕೈಯಿಂದ ಹೊಟ್ಟೆಯನ್ನು ಕೆಳಗಿನಿಂದ ಹಿಡಿದು ಏಳಲು ನೋಡಿದಳು.

"ಸಣ್ಣಕ್ಕ, ನೀ ಏಳಬ್ಯಾಡ! ಕುಂದರು!" ಎಂದು ಮಲ್ಲು ಕನ್ನಡಿಯಲ್ಲೇ ನೋಡಿ ಚೀರಿದ.

"ನಾ ಅಲ್ಲಲೇ, ಇದನ್ನ ಎತ್ತಾಕತ್ತೇನಿ" ಎಂದಳು ನೀಲಾ.

ಹಿಂದಿನ ಗಾಲಿ ಇಳಿದು, ದಿಬ್ಬ ಹತ್ತಿ, ದಾಟಿತು. ನಾವೆಲ್ಲ ಆ 'ಡಕ್' ಸದ್ದಿಗೆ ಕಾಯುತ್ತಿದ್ದೆವು. ಬರಲಿಲ್ಲ. ಕಾರು ಒಂದು ಸಲ ತೊಟ್ಟಿಲಿನಂತೆ ತೂಗಿ ಸಮವಾಯಿತು. ಆಮೇಲೂ ಸ್ವಲ್ಪ ಹೊತ್ತು ನಾವು ಎದ್ದೇ ಇದ್ದೆವು. ಮೊದಲು ಅತ್ತವನು ಮಲ್ಲು. ಸ್ಟೇರಿಂಗ್ ಹಿಡಿದುಕೊಂಡೇ, ಮೂಗು ಒರೆಸಿಕೊಳ್ಳಲು ಕೈ ಸಿಗದೆ, ಗಳಗಳ ಅತ್ತ. "ಇಲ್ಲೇ ಅಲ್ಲೇನೋ ಅವತ್ತು ಟೆಂಪೊ ನಿಂತಿದ್ದು?" ಎಂದಳು ನೀಲಾ. "ನಿಲ್ಲಸಬ್ಯಾಡ ಮತ್ತ. ನಡಿ ಮುಂದಕ್ಕ."

ಎಳ್ಳಮವಾಸ್ಯೆಯ ಹೊತ್ತಿಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಲ್ಲಿಗೂ ಅದೇ ಕಾರಿನಲ್ಲಿ ಹೋದದ್ದು. ಅಕ್ಷತಾ ಎಂದು ಹೆಸರಿಟ್ಟೆವು. ಹೆರಿಗೆ ಆದ ಮೇಲೆ ಗಾಡಿ ಇಳಿಸುತ್ತೇನೆ ಎಂದಿದ್ದ ಮಲ್ಲು, ಕೂಸು ಹಿರೋಳ್ಳಿಗೆ ಹೋಗುವ ತನಕ ಇರಲಿ ಎಂದ. ನೀಲಾ ಕೂಸು ಎತ್ತಿಕೊಂಡು ಆ ಹೊಸ್ತಿಲು ದಾಟಿದ ಮೇಲೆ, ಕೂಸಿನ ಮೊದಲ ಕೂದಲು ತೆಗೆಸುವ ಜಾವಳ ಆಗಲಿ ಎಂದ. ಆಮೇಲೆ ನಾವು ಕೇಳುವುದನ್ನು ಬಿಟ್ಟೆವು. ರಿಂಗುಗಳಿಗೆ ತುಕ್ಕು ಹಿಡಿದು ಈಗ ಇಳಿಸಬೇಕೆಂದರೂ ಇಳಿಯುವುದಿಲ್ಲ ಎಂದು ಖಾಜಾಭಾಯಿ ಹೇಳುತ್ತಾನೆ.

ಮೊನ್ನೆ ಬಸ್ಸಿನಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡು ಅಫಜಲಪುರದಲ್ಲಿ ಇಳಿದರೆ ಮಲ್ಲು ಅದೇ ಬಿಳಿ ಕಾರು ತಂದಿದ್ದ. ರಜೆಗೆ ಬಂದ ಅಕ್ಷತಾ ಹಿಂದೆ ಕೂತಿದ್ದಳು. ಬಸ್ಸಿನ ಕಥೆ ಹೇಳಿದೆ, ಮಲ್ಲು ಬಿದ್ದು ಬಿದ್ದು ನಕ್ಕ. ಊರು ದಾಟಿ ಮಣ್ಣೂರು ರಸ್ತೆಗೆ ಬಂದೆವು. ಎದುರಿಗೆ ಹಂಪ್. ಬಸ್ಸಿನಲ್ಲಿ ಆದ ಅವಮಾನ ನೆನಪಿತ್ತು, ಈ ಸಲ ಗಟ್ಟಿಯಾಗಿ ಸೀಟು ಹಿಡಿದು ಕೂತೆ.

"ದೊಡ್ಡವ್ವ, ಏಳಬೇ!" ಎಂದು ಚೀರಿದಳು ಅಕ್ಷತಾ. ತಾನು ಆಗಲೇ ಎದ್ದು ನಿಂತಿದ್ದಳು. ಬಗಲಲ್ಲಿದ್ದ ಬಟ್ಟೆಯ ಗೊಂಬೆಯನ್ನು ಎರಡೂ ಕೈಯಿಂದ ಕೆಳಗಿನಿಂದ ಹಿಡಿದು ಮೇಲಕ್ಕೆ ಎತ್ತಿದ್ದಳು. ಅದನ್ನು ಹೀಗೆ ಎತ್ತಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳವ್ವ ಈಗಲೂ ಹಂಪ್ ಬಂದರೆ ಮಗಳನ್ನು ಎತ್ತುವುದು ಹಾಗೆಯೇ.

ನಾನು ಎದ್ದೆ.